ನ್ಯಾಯವಿಲ್ಲದ ಕಡೆ ನ್ಯಾಯ ಬಲ್ಲ ಮಕ್ಕಳನ್ನು ಬೆಳೆಸುವ ಬಗೆ

ಅಪ್ಪ ಅಮ್ಮಂದಿರ ತಲೆಯ ಮೇಲೆ ಎರಡು ಹೊಣೆ ಒಟ್ಟಿಗೆ ಬೀಳುತ್ತವೆ. ತಮ್ಮ ಮಗು ಈ ಸಮಾಜದಲ್ಲಿ ಪೆಟ್ಟು ತಿನ್ನದೆ ಬದುಕುವಂತೆ ನೋಡಿಕೊಳ್ಳಬೇಕು. ಅದೇ ಮಗು ನಾಳೆ ಬೇರೆಯವರಿಗೆ ಪೆಟ್ಟು ಕೊಡುವವರ ಜೊತೆ ನಿಲ್ಲದಂತೆಯೂ ನೋಡಿಕೊಳ್ಳಬೇಕು. ಇವೆರಡೂ ಆಗಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಅದರಲ್ಲೂ ಮನೆಗೆ ಯಾವುದಾದರೂ ಅನುಕೂಲ ಇದ್ದಾಗ. ತನಗೆ ಸಿಗಬಹುದಾದ ಲಾಭದಲ್ಲಿ ಮನೆಯವರು ಯಾವುದನ್ನು ತೆಗೆದುಕೊಂಡರು, ಯಾವುದನ್ನು ಬೇಡ ಅಂದರು ಎಂಬುದನ್ನು ಮಗು ಸುಮ್ಮನೆ ನೋಡುತ್ತಿರುತ್ತದೆ. ಅದು ಕಲಿಯುವ ನ್ಯಾಯದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಹಾಗಾಗಿ ಕೆಳಗಿನ ಕ್ರಮಗಳಲ್ಲಿ ಹೆಚ್ಚಿನವು ದೊಡ್ಡವರು ಮಾಡಬೇಕಾದವು.

ಮಗು ಹುಟ್ಟುವ ಮೊದಲು

ಇಂಥ ಜಗತ್ತಿಗೆ ಮಗುವನ್ನು ತರುವುದೇ ತಪ್ಪು ಎಂದು ವಾದಿಸುವ ತತ್ವಶಾಸ್ತ್ರಜ್ಞರಿದ್ದಾರೆ. ದಕ್ಷಿಣ ಆಫ್ರಿಕಾದ ಡೇವಿಡ್ ಬೆನಟಾರ್ ಅವರಲ್ಲಿ ಹೆಸರಾದವರು. ಈ ವಾದವನ್ನು ಒಪ್ಪುವವರು ಕಡಿಮೆ. ಆದರೂ ಅದು ಎತ್ತುವ ಪ್ರಶ್ನೆಯನ್ನು ತಳ್ಳಿಹಾಕಬಾರದು, ಏಕೆಂದರೆ ಹುಟ್ಟುವ ಮಗುವಿನ ಒಪ್ಪಿಗೆ ಕೇಳುವ ದಾರಿಯೇ ಇಲ್ಲ. ಕೂತು ಮಾತಾಡಿಕೊಳ್ಳಬೇಕಾದ ಸಂಗತಿಗಳು ಮೂರು. ಮೊದಲ ಎರಡು ವರ್ಷ ರಾತ್ರಿ ಎದ್ದು ನೋಡಿಕೊಳ್ಳುವವರು ಯಾರು, ಅದಕ್ಕಾಗಿ ಯಾರ ಕೆಲಸ ಮತ್ತು ಸಂಪಾದನೆ ಕುಗ್ಗುತ್ತದೆ? ಮಗು ನಿಮ್ಮ ಜಾತಿ, ಬಣ್ಣ, ದೇಹ, ವರ್ಗದ ಕಾರಣಕ್ಕೆ ತಾರತಮ್ಯ ಎದುರಿಸಬೇಕಾದಾಗ ನಿಮ್ಮ ಬೆನ್ನಿಗೆ ನಿಲ್ಲುವವರು ಯಾರು? ಮಗು ನಿಮ್ಮ ಆದರ್ಶಗಳನ್ನು ಒಪ್ಪದೆ ಬೆಳೆದರೆ ತಡೆದುಕೊಳ್ಳಬಲ್ಲಿರಾ?

ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸಮಾಜ ಬದಲಿಸುವ ಆಸೆಯಿರುವ ಮನೆಗಳಲ್ಲಿ ಮಗುವನ್ನು ಆ ಹೋರಾಟದ ಮುಂದಿನ ಆಳು ಎಂದು ಕಾಣುವ ಅಪಾಯ ಸದಾ ಇರುತ್ತದೆ. ಮಕ್ಕಳಿಗೆ 'ತೆರೆದ ಭವಿಷ್ಯದ ಹಕ್ಕು' ಇದೆ ಎಂದು ಅಮೆರಿಕದ ತತ್ವಶಾಸ್ತ್ರಜ್ಞ ಜೋಯೆಲ್ ಫೈನ್‌ಬರ್ಗ್ 1980ರಲ್ಲಿ ವಾದಿಸಿದರು: ಮುಂದೆ ತಾವೇ ಆರಿಸಿಕೊಳ್ಳಬೇಕಾದ ದಾರಿಗಳನ್ನು ದೊಡ್ಡವರು ಇಂದೇ ಮುಚ್ಚಬಾರದು. ಒಳ್ಳೆಯ ಉದ್ದೇಶ ಇಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ.

ಯಾವ ವಯಸ್ಸಿಗೆ ಶುರು ಮಾಡಬೇಕು

'ಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ, ಈಗಲೇ ತಲೆಗೆ ತುಂಬೋದು ಬೇಡ' ಎಂಬ ಮಾತು ಎಲ್ಲ ಕಡೆಯೂ ಕೇಳುತ್ತದೆ. ಅದು ನಿಜವಲ್ಲ. ಆಗತಾನೆ ಹುಟ್ಟಿದ ಕೂಸು ಮೈಬಣ್ಣದ ಲೆಕ್ಕದಲ್ಲಿ ಮುಖಗಳ ನಡುವೆ ಭೇದ ತೋರಿಸುವುದಿಲ್ಲ. ಮೂರು ತಿಂಗಳ ಹೊತ್ತಿಗೆ ತಾನು ಹೆಚ್ಚು ಕಂಡ ಬಗೆಯ ಮುಖಗಳನ್ನೇ ಹೆಚ್ಚು ಹೊತ್ತು ನೋಡುತ್ತದೆ. ಮೂರರಿಂದ ಐದು ವರ್ಷದೊಳಗೆ ಜನರನ್ನು ಗುಂಪುಗಳಾಗಿ ವಿಂಗಡಿಸುವುದು ಬಂದಿರುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಐದು ವರ್ಷದ ಹುಡುಗಿಯರು 'ತುಂಬಾ ತುಂಬಾ ಬುದ್ಧಿವಂತರು' ಯಾರು ಎಂದಾಗ ಹುಡುಗರಷ್ಟೇ ಸಲೀಸಾಗಿ ತಮ್ಮವರನ್ನೇ ತೋರಿಸಿದರು. ಆರು, ಏಳು ವರ್ಷದ ಹುಡುಗಿಯರಲ್ಲಿ ಆ ವಿಶ್ವಾಸ ಇಳಿದಿತ್ತು. ಆ ಒಂದು ವರ್ಷದಲ್ಲಿ ಯಾರೂ ಅವರನ್ನು ಕೂರಿಸಿಕೊಂಡು ಪಾಠ ಹೇಳಿರಲಾರರು.

ಇನ್ನೂ ಮುಖ್ಯವಾದದ್ದು, ಭೇದ ಹೇಗೆ ಅಂಟುತ್ತದೆ ಎಂಬುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ ಮತ್ತು ಜೊತೆಗಾರರು ತರಗತಿಯ ಮಕ್ಕಳಿಗೆ ಎರಡು ಬಣ್ಣದ ಅಂಗಿ ಹಂಚಿದರು. ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣ ಹೇಳಿಯೇ ಮಕ್ಕಳನ್ನು ಕರೆದರು, ಬಣ್ಣದ ಪ್ರಕಾರ ಸಾಲು ಮಾಡಿಸಿದರು. ಯಾವ ಬಣ್ಣವೂ ಮೇಲು ಎನ್ನಲಿಲ್ಲ. ವಾರಗಳಲ್ಲೇ ಅಲ್ಲಿನ ಮಕ್ಕಳಿಗೆ ತಮ್ಮ ಬಣ್ಣದವರೇ ಮೇಲೆನಿಸಿತು. ಶಿಕ್ಷಕರು ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತರಗತಿಗಳಲ್ಲಿ ಹಾಗಾಗಲಿಲ್ಲ. ಗುಂಪಿನ ಹೆಸರು ಹಿಡಿದು ದೊಡ್ಡವರು ಜನರನ್ನು ಜೋಡಿಸಿದರೆ ಸಾಕು, ಉಳಿದದ್ದನ್ನು ಮಗು ತಾನೇ ತುಂಬಿಕೊಳ್ಳುತ್ತದೆ. ಹೊರಗಿನ ಸಮಾಜ ಹಗಲೂ ಇರುಳೂ ಜನರನ್ನು ಹಾಗೆಯೇ ಜೋಡಿಸುತ್ತಿರುವುದರಿಂದ, ಮನೆಯ ಮೌನ ಆ ಪಾಠಕ್ಕೆ ಒಪ್ಪಿಗೆಯಾಗುತ್ತದೆ.

ಮಾತಷ್ಟೇ ಅಲ್ಲ. ಯಾರ ಜೊತೆ ನಗುತ್ತೀರಿ, ಯಾರು ಹತ್ತಿರ ಬಂದಾಗ ಅರ್ಧ ಹೆಜ್ಜೆ ಹಿಂದೆ ಸರಿಯುತ್ತೀರಿ, ಯಾರೆದುರು ದನಿ ಬಿಗಿಯಾಗುತ್ತದೆ ಎಂಬುದರಿಂದಲೇ ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳು ಒಲವು, ಅಸಡ್ಡೆ ಎರಡನ್ನೂ ಹಿಡಿದುಕೊಳ್ಳುತ್ತಾರೆ. ನಿಮ್ಮ ಮೈ ಏನು ಮಾಡುತ್ತದೆ ಎಂದು ಒಂದು ವಾರ ಗಮನಿಸಿ. ಮನೆಯ ಇನ್ನೊಬ್ಬರಿಗೂ ನಿಮ್ಮನ್ನು ಗಮನಿಸಲು ಹೇಳಿ. ಇದು ಒಬ್ಬರೇ ಹಿಡಿಯಬಹುದಾದ ದೋಷವಲ್ಲ.

ತಿದ್ದಿಕೊಳ್ಳಬೇಕಾದ ವಾಕ್ಯಗಳು

'ಅವರೆಲ್ಲ ಹಾಗೇ', 'ಹುಡುಗರು ಅಳಲ್ಲ', 'ಆ ಕಡೆಯವರು ಗಟ್ಟಿಮುಟ್ಟು'. ಒಂದು ಗುಂಪಿಗೆ ಒಂದು ಗುಣ ಅಂಟಿಸುವ ಇಂಥ ವಾಕ್ಯಗಳೇ ಹೆಚ್ಚು ಹಾನಿ ಮಾಡುತ್ತವೆ, ಗುಣ ಒಳ್ಳೆಯದಾದರೂ ಸರಿ. ಮನಶ್ಶಾಸ್ತ್ರಜ್ಞೆ ಮಾರ್ಜರಿ ರೋಡ್ಸ್ ಮತ್ತು ಸಂಗಡಿಗರು 2012ರಲ್ಲಿ 'ಜಾರ್ಪಿ' ಎಂಬ ಕಾಲ್ಪನಿಕ ಜನರ ಚಿತ್ರಪುಸ್ತಕ ಮಾಡಿ ಮಕ್ಕಳಿಗೆ ಓದಿಸಿದರು. 'ಜಾರ್ಪಿಗಳು ಹೀಗೆ ಮಾಡುತ್ತಾರೆ' ಎಂದು ಕೇಳಿದ ಮಕ್ಕಳು ಆ ಗುಣ ಹುಟ್ಟಿನಿಂದಲೇ ಬಂದದ್ದು, ಬದಲಾಗದ್ದು ಎಂದು ನಂಬುವತ್ತ ವಾಲಿದರು. 'ಈ ಜಾರ್ಪಿ ಹೀಗೆ ಮಾಡುತ್ತಾನೆ' ಎಂದು ಕೇಳಿದವರಲ್ಲಿ ಆ ನಂಬಿಕೆ ಅಷ್ಟು ಬೆಳೆಯಲಿಲ್ಲ.

ತಿದ್ದುವುದು ಸುಲಭ: ಒಬ್ಬ ವ್ಯಕ್ತಿಯ ಬಗ್ಗೆ ಹೇಳಿ, ಕಾರಣವನ್ನೂ ಸೇರಿಸಿ. 'ಆ ಕಡೆಯವರು ಗಟ್ಟಿಮುಟ್ಟು' ಎನ್ನುವ ಬದಲು 'ಅವರು ದಿನಾ ಭಾರ ಹೊರುವ ಕೆಲಸ ಮಾಡ್ತಾರೆ, ಅದಕ್ಕೇ ತೋಳು ಅಷ್ಟು ಗಟ್ಟಿ' ಎನ್ನಿ. ಸಮಾನತೆ ಹೇಳಲು ಹೋಗಿ ಎಡವುವ ಒಂದು ಜಾಗವೂ ಇದೆ. 'ಹುಡುಗಿಯರೂ ಹುಡುಗರಷ್ಟೇ ಚೆನ್ನಾಗಿ ಲೆಕ್ಕ ಮಾಡ್ತಾರೆ' ಎಂದರೆ ಅಳತೆಗೋಲು ಹುಡುಗರೇ ಎಂದಾಯಿತು. ಲೆಕ್ಕ ಹುಡುಗರಿಗೆ ಸಹಜ ಎಂಬ ಅರ್ಥ ಕೇಳಿದವರ ಮನಸ್ಸಿಗೆ ಇಳಿಯುತ್ತದೆ. 'ಹುಡುಗ ಹುಡುಗಿ ಇಬ್ಬರೂ ಲೆಕ್ಕ ಚೆನ್ನಾಗಿ ಮಾಡ್ತಾರೆ' ಎಂದರೆ ಆ ತೊಡಕಿಲ್ಲ.

ಬೀದಿಯಲ್ಲಿ ಪ್ರಶ್ನೆ ಬಂದಾಗ

'ಅಮ್ಮಾ, ಅವರ್ಯಾಕೆ ರಸ್ತೇಲಿ ಮಲಗಿದ್ದಾರೆ?' ಎಂದು ಮಗು ಗಟ್ಟಿಯಾಗಿ ಕೇಳಿತು ಎನ್ನಿ. 'ಶ್ಶ್' ಎಂದು ಎಳೆದುಕೊಂಡು ಹೋದರೆ ಬಡತನ ನಾಚಿಕೆಗೇಡು ಎಂದು ತಿಳಿಯುತ್ತದೆ. 'ನೀನು ಓದದಿದ್ರೆ ಹೀಗೇ ಆಗ್ತೀಯ' ಎಂದರೆ ಇನ್ನೂ ಕೆಟ್ಟದ್ದು: ಮಲಗಿದವರದೇ ತಪ್ಪು, ಇದು ಅವರಿಗೆ ಸಿಕ್ಕ ಶಿಕ್ಷೆ ಎಂದು ಕಲಿಸಿದಂತಾಯಿತು. ಜಗತ್ತಿನಲ್ಲಿ ಎಲ್ಲರಿಗೂ ಸಿಗಬೇಕಾದ್ದೇ ಸಿಕ್ಕಿದೆ ಎಂದು ನಂಬುವ ಒಲವು ಮನುಷ್ಯರಲ್ಲಿ ಮೊದಲೇ ಬಲವಾಗಿದೆ. ಮನಶ್ಶಾಸ್ತ್ರಜ್ಞ ಮೆಲ್ವಿನ್ ಲರ್ನರ್ 1960ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಅದಕ್ಕೆ ನೀವೂ ನೀರೆರೆಯಬೇಡಿ.

ಉತ್ತರದಲ್ಲಿ ಮೂರು ತುಣುಕು ಇರಲಿ: ಕಂಡದ್ದು, ಅದರ ಹೊರಗಿನ ಕಾರಣ, ಬದಲಾಗಬಹುದು ಎಂಬುದು. ನಾಲ್ಕೈದು ವರ್ಷದ ಮಗುವಿಗೆ ಎರಡು ಮೂರು ವಾಕ್ಯ ಸಾಕು. 'ಅವರಿಗೆ ಇರೋಕೆ ಮನೆ ಇಲ್ಲ ಪುಟ್ಟಾ. ಬಾಡಿಗೆ ತುಂಬಾ ಜಾಸ್ತಿ, ದುಡಿದ್ರೂ ಕೆಲವರಿಗೆ ಕಟ್ಟೋಕಾಗಲ್ಲ. ಎಲ್ಲರಿಗೂ ಮನೆ ಸಿಗೋ ಹಾಗೆ ನಿಯಮ ಮಾಡಬಹುದು, ಇನ್ನೂ ಮಾಡಿಲ್ಲ.' ಆ ವ್ಯಕ್ತಿಯ ಕಥೆ ನಿಮಗೆ ತಿಳಿಯದು, ಆದ್ದರಿಂದ ಅವರ ಮೇಲೆ ಕಥೆ ಕಟ್ಟಬೇಡಿ. ಅವರಿಗೆ ಕೇಳಿಸುತ್ತಿದೆ ಎಂಬುದೂ ನೆನಪಿರಲಿ. ಅವರೆದುರೇ ಹೇಳಲಾಗದ ಉತ್ತರವಾದರೆ ಅದು ಸರಿಯಾದ ಉತ್ತರವೇ ಅಲ್ಲ. ಎಂಟು ವರ್ಷ ದಾಟಿದ ಮಗು 'ಯಾಕೆ ಮಾಡಿಲ್ಲ?' ಎಂದು ಕೇಳುತ್ತದೆ. ಯಾರಿಗೆ ಅದರಿಂದ ಲಾಭ ಎಂದು ಹೇಳುವ ಹೊತ್ತು ಅದು.

ಹೆಚ್ಚು ಸಿಕ್ಕಾಗ ಬೇಡ ಎನ್ನುವುದು

ತನಗೆ ಕಡಿಮೆ ಸಿಕ್ಕರೆ ಮಗು ಕಿರುಚುತ್ತದೆ. ಹೆಚ್ಚು ಸಿಕ್ಕರೆ ಸುಮ್ಮನಿರುತ್ತದೆ. 2015ರಲ್ಲಿ ಪ್ರಕಟವಾದ ಏಳು ದೇಶಗಳ ಅಧ್ಯಯನವೊಂದು ಇದನ್ನು ಅಳೆಯಿತು. ತನಗೆ ಕಡಿಮೆ ಬರುವ ಹಂಚಿಕೆಯನ್ನು ತಿರಸ್ಕರಿಸುವುದು ಏಳೂ ದೇಶಗಳ ಮಕ್ಕಳಲ್ಲಿ ಕಂಡಿತು. ತನಗೆ ಹೆಚ್ಚು ಬರುವ ಹಂಚಿಕೆಯನ್ನು ತಿರಸ್ಕರಿಸುವುದು ಕಂಡದ್ದು ಅಮೆರಿಕ, ಕೆನಡಾ, ಉಗಾಂಡ ಈ ಮೂರರಲ್ಲಿ ಮಾತ್ರ, ಅದೂ ದೊಡ್ಡ ಮಕ್ಕಳಲ್ಲಿ. ಮೊದಲನೆಯದು ತಾನಾಗಿ ಬರುವಂತಿದೆ; ಎರಡನೆಯದು ಸುತ್ತಲಿನವರನ್ನು ನೋಡಿ ಬೆಳೆಯುವಂತೆ ತೋರುತ್ತದೆ. ಅಭ್ಯಾಸ ಬೇಕಿರುವುದು ಅದಕ್ಕೇ.

ಹಂಚುವಾಗ ಒಬ್ಬರು ಪಾಲು ಮಾಡಲಿ, ಇನ್ನೊಬ್ಬರು ಮೊದಲು ಆರಿಸಲಿ. ಐದು ವರ್ಷದ ಮಕ್ಕಳಿಗೂ ಇದು ಅರ್ಥವಾಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದರೆ ಮಗುವಿನ ಎದುರೇ ಎಣಿಸಿ ವಾಪಸು ಕೊಡಿ. ಸರದಿಯಲ್ಲಿ ಪರಿಚಯದವರು 'ಬನ್ನಿ, ಮುಂದೆ ಬನ್ನಿ' ಎಂದು ಕರೆದರೆ ಹೋಗಬೇಡಿ, ಯಾಕೆ ಹೋಗಲಿಲ್ಲ ಎಂದು ಒಂದೇ ವಾಕ್ಯದಲ್ಲಿ ಮಗುವಿಗೆ ಹೇಳಿ: 'ನಮಗಿಂತ ಮೊದಲು ಬಂದವರು ನಿಂತಿದ್ದಾರೆ.'

ಹಂಚಿಕೊಂಡದ್ದಕ್ಕೆ, ನೆರವಾದದ್ದಕ್ಕೆ ಬಹುಮಾನ ಕೊಡಬೇಡಿ. 2008ರ ಒಂದು ಪ್ರಯೋಗದಲ್ಲಿ ಇಪ್ಪತ್ತು ತಿಂಗಳ ಮಕ್ಕಳು ಬೇರೆಯವರಿಗೆ ನೆರವಾದಾಗಲೆಲ್ಲ ಅವರಿಗೆ ಆಟಿಕೆ ಕೊಡಲಾಯಿತು. ಆಮೇಲೆ ಅವರು, ಏನೂ ಸಿಗದೆಯೇ ನೆರವಾಗುತ್ತಿದ್ದ ಮಕ್ಕಳಿಗಿಂತ ಕಡಿಮೆ ನೆರವಾದರು. 'ಜಾಣ ಮರಿ' ಎಂದು ಹೊಗಳುವುದಕ್ಕಿಂತ 'ನೋಡು, ಈಗ ಅವಳಿಗೂ ಆಡೋಕಾಯ್ತು' ಎಂದು ಫಲ ತೋರಿಸಿ. ಕೈಯಿಂದ ಕಿತ್ತು ಹಂಚಿಸುವುದು ಇನ್ನೊಂದು ತಪ್ಪು. ಬಲವಿದ್ದವರು ಕಿತ್ತುಕೊಳ್ಳಬಹುದು ಎಂಬುದಷ್ಟೇ ಅದರಿಂದ ಉಳಿಯುತ್ತದೆ. ಸರದಿ ಎಷ್ಟು ಹೊತ್ತು ಎಂದು ಮೊದಲೇ ಗೊತ್ತು ಮಾಡಿ, ಮುಗಿಯುವವರೆಗೆ ಅದು ಅವರದೇ ಆಗಿರಲಿ.

ನಮ್ಮ ಮಗುವಿಗೆ ಎಷ್ಟು ಮಾಡಬಹುದು

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಇದು. ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲೇ ಗುರುತಿಸಿದ್ದರು: ಕುಟುಂಬ ಎಂಬುದು ಇರುವವರೆಗೆ ಮಕ್ಕಳಿಗೆ ಸಿಗುವ ಅವಕಾಶ ಪೂರ್ತಿ ಸಮವಾಗದು. ಹಾಗೆಂದು ಯಾರೂ ಮಗುವನ್ನು ಮುದ್ದಿಸುವುದನ್ನು ಬಿಡಲಾರರು, ಬಿಡಲೂಬಾರದು. ಹ್ಯಾರಿ ಬ್ರಿಗ್‌ಹೌಸ್ ಮತ್ತು ಆಡಂ ಸ್ವಿಫ್ಟ್ ಎಂಬ ತತ್ವಶಾಸ್ತ್ರಜ್ಞರು ಎಳೆದ ಗೆರೆ ಮನೆಬಳಕೆಗೂ ಒದಗುತ್ತದೆ. ಮಲಗುವಾಗ ಕಥೆ ಓದುವುದರಿಂದಲೂ ಮಗುವಿಗೆ ಇತರರಿಗಿಂತ ಲಾಭ ಆಗುತ್ತದೆ. ಆದರೆ ಅದು ಒಟ್ಟಿಗೆ ಬದುಕುವ ಪ್ರೀತಿಯ ಭಾಗ. ತೆಗೆದರೆ ಸಂಬಂಧವೇ ಸೊರಗುತ್ತದೆ. ದುಡ್ಡು ಕೊಟ್ಟು ಮುಂದಿನ ಸಾಲಿನ ಜಾಗ ಕೊಂಡುಕೊಳ್ಳುವುದು ಹಾಗಲ್ಲ. ಅದನ್ನು ತೆಗೆದರೆ ಪ್ರೀತಿಗೆ ಏನೂ ಆಗುವುದಿಲ್ಲ.

ಮಗುವಿಗಾಗಿ ಏನನ್ನಾದರೂ ಮಾಡಹೊರಟಾಗ ಈ ಕ್ರಮದಲ್ಲಿ ಕೇಳಿಕೊಳ್ಳಿ:

1. ಇದಿಲ್ಲದಿದ್ದರೆ ಮಗುವಿನ ಸುರಕ್ಷೆ, ಆರೋಗ್ಯ, ಓದು ಬರಹದ ಬುಡಕ್ಕೇ ಏಟು ಬೀಳುತ್ತದೆಯೇ? ಹೌದಾದರೆ ಮಾಡಿ.
2. ಇದು ನಾವು ಒಟ್ಟಿಗೆ ಕಳೆಯುವ ಹೊತ್ತೇ? ಹೌದಾದರೆ ಮಾಡಿ.
3. ನಮಗೆ ಸಿಕ್ಕಿದ್ದರಿಂದ ಇನ್ನೊಂದು ಮಗುವಿಗೆ ತಪ್ಪುತ್ತದೆಯೇ? ಸೀಟು, ಆಯ್ಕೆ, ಬಹುಮಾನ, ಕೆಲಸ, ಎಣಿಸಿಟ್ಟ ಯಾವುದೇ ಜಾಗ. ಹೌದಾದರೆ ನಿಲ್ಲಿ.
4. ಸಿಗುತ್ತಿರುವುದು ಮಗುವಿನ ಅರ್ಹತೆಯಿಂದಲೋ, ನಮ್ಮ ಪರಿಚಯ ಮತ್ತು ದುಡ್ಡಿನಿಂದಲೋ? ಎರಡನೆಯದಾದರೆ ಬೇಡ ಎನ್ನಿ.

ವಶೀಲಿಯಿಂದ ಸಿಗುವ ಕೆಲಸ ಮೂರು, ನಾಲ್ಕು ಎರಡರಲ್ಲೂ ಬೀಳುತ್ತದೆ, ಅಲ್ಲಿ ಗೊಂದಲವಿಲ್ಲ. ಟ್ಯೂಷನ್ ನಡುವಿನದು. ಹಿಂದೆ ಬಿದ್ದ ಮಗು ಪಾಠ ಹಿಡಿಯಲು ಟ್ಯೂಷನ್ ಬೇಕಾದರೆ ಅದು ಒಂದನೆಯದು. ಎಲ್ಲ ಬರುವ ಮಗು ಇನ್ನೊಬ್ಬರನ್ನು ಹಿಂದಿಕ್ಕಲಿ ಎಂದಾದರೆ ಮೂರನೆಯದು. ಶಾಲೆಯ ಆಯ್ಕೆಗೂ ಇದೇ ಅಳತೆ. ಹತ್ತಿರದ, ಎಲ್ಲರಿಗೂ ತೆರೆದ ಶಾಲೆಯಲ್ಲಿ ಹೊಡೆತವಿದ್ದರೆ, ಅವಮಾನವಿದ್ದರೆ, ಪಾಠವೇ ನಡೆಯದಿದ್ದರೆ ಬೇರೆಡೆ ಸೇರಿಸುವುದು ತಪ್ಪಲ್ಲ. ಆ ಶಾಲೆ ಸಾಕಷ್ಟು ಚೆನ್ನಾಗಿದ್ದೂ, 'ಎಂಥವರ ಮಕ್ಕಳು ಬರುತ್ತಾರೆ' ಎಂಬ ಕಾರಣಕ್ಕೆ ಬಿಡುವುದಾದರೆ ಅದು ಮಗುವಿನ ಒಳಿತಿನ ಹೆಸರಲ್ಲಿ ಮಾಡುವ ಭೇದ. ನಿರ್ಧರಿಸುವ ಮೊದಲು ಆ ಶಾಲೆಗೆ ಒಂದು ಪೂರ್ತಿ ದಿನ ಹೋಗಿ ಕೂತು ನೋಡಿ. ಬಹಳ ಜನ ಬಾಯಿಮಾತು ಕೇಳಿಯೇ ತೀರ್ಮಾನಿಸುತ್ತಾರೆ.

ಬಿಡಲಾಗದ ಅನುಕೂಲಗಳೂ ಇರುತ್ತವೆ: ಮನೆಯ ಭಾಷೆ, ಓದಿದ ಹೆತ್ತವರು, ಮೈಬಣ್ಣ. ಅವಕ್ಕೆ ತಪ್ಪಿತಸ್ಥ ಭಾವ ಪರಿಹಾರವಲ್ಲ. ಮಗುವಿಗೆ ಅದನ್ನು ದಾಟಿಸಿದರೆ ಒಂದೋ ಕುಗ್ಗುತ್ತದೆ, ಇಲ್ಲವೇ ಸಿಟ್ಟಾಗುತ್ತದೆ. ಅನುಕೂಲವನ್ನು ಹೊರಕ್ಕೆ ತಿರುಗಿಸಿ. ಶಾಲೆಗೆ ದೂರು ಬರೆಯುವಾಗ 'ನನ್ನ ಮಗಳ ತರಗತಿಗೆ' ಎಂದು ಬರೆದಲ್ಲೆಲ್ಲ 'ಎಲ್ಲ ತರಗತಿಗಳಿಗೆ' ಎಂದು ತಿದ್ದಿ. ವಿದ್ಯಾರ್ಥಿವೇತನದ ಅರ್ಜಿ, ಕೊನೆಯ ದಿನಾಂಕ, ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂಬ ಮಾಹಿತಿ ನಿಮ್ಮ ಪರಿಚಯದವರಲ್ಲೇ ಸುತ್ತುತ್ತಿರುತ್ತದೆ. ಅದು ತಲುಪದ ಮನೆಗಳಿಗೆ ಮುಟ್ಟಿಸಿ, ಅರ್ಜಿ ತುಂಬಲು ಜೊತೆಗೆ ಕೂರಿ.

ಮನೆಯೊಳಗಿನ ಕೆಲಸ

5ರಿಂದ 14 ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಮನೆಗೆಲಸಕ್ಕೆ 40 ಶೇಕಡಾ ಹೆಚ್ಚು ಹೊತ್ತು ಕೊಡುತ್ತಾರೆ ಎಂದು ಯುನಿಸೆಫ್ 2016ರಲ್ಲಿ ಲೆಕ್ಕ ಹಾಕಿತು. ನಿಮ್ಮ ಮನೆಯ ಲೆಕ್ಕ ತೆಗೆಯಲು ಒಂದು ಹಾಳೆ, ಏಳು ದಿನ ಸಾಕು. ಯಾರು, ಯಾವ ಕೆಲಸ, ಎಷ್ಟು ನಿಮಿಷ ಎಂದು ಬರೆಯಿರಿ. 'ನೆನಪಿಟ್ಟುಕೊಳ್ಳುವ' ಕೆಲಸವನ್ನೂ ಸೇರಿಸಿ: ಲಸಿಕೆಯ ದಿನ, ಮುಗಿದ ಸಾಮಾನು, ಶಾಲೆಯ ಚೀಟಿ. ಹಾಳೆ ಕೆಡುವುದು ಇಲ್ಲೇ. ಕಣ್ಣಿಗೆ ಕಾಣದ ಈ ಕೆಲಸವನ್ನು ಬಿಟ್ಟರೆ ಲೆಕ್ಕ ಸಮವಾಗಿ ಕಾಣುತ್ತದೆ. ಆಮೇಲೆ ಕೆಲಸಗಳನ್ನು ಗಂಡು ಹೆಣ್ಣೆನ್ನದೆ ತಿಂಗಳಿಗೊಮ್ಮೆ ಸರದಿ ಬದಲಿಸಿ.

ಮನೆಗೆಲಸಕ್ಕೆ ಯಾರಾದರೂ ಬರುತ್ತಿದ್ದರೆ ಮಗು ಅಸಮಾನತೆಯನ್ನು ಅತಿ ಹತ್ತಿರದಿಂದ ನೋಡುವುದು ಅಲ್ಲಿ. ಮಗು ಅವರಿಗೆ ಹುಕುಂ ಮಾಡಬಾರದು, ಏಕವಚನದಲ್ಲಿ ಕರೆಯಬಾರದು. ತಾನು ಚೆಲ್ಲಿದ್ದನ್ನು ಅವರು ಬರುವ ಮೊದಲೇ ತೆಗೆಯಬೇಕು. ನಿಮ್ಮ ಪಾಲಿಗೆ ಇರುವುದು ಗೊತ್ತಾದ ದಿನಕ್ಕೆ ಸಂಬಳ, ಸಂಬಳ ಸಹಿತ ರಜೆ, ಮನೆಯವರು ಕೂರುವ ಕುರ್ಚಿ, ಮನೆಯವರು ಬಳಸುವ ಲೋಟ. ಬೇರೆ ಲೋಟ ಇಟ್ಟ ಮನೆಯಲ್ಲಿ ಸಮಾನತೆಯ ಯಾವ ಮಾತೂ ನಾಟುವುದಿಲ್ಲ.

ಬೆರೆಯಲು ಬಿಡುವ ಬಗೆ

ವರ್ಷಕ್ಕೊಮ್ಮೆ ಬಡ ಮಕ್ಕಳಿಗೆ ಬಟ್ಟೆ ಹಂಚಿಸುವುದರಿಂದ ತಾನು ಕೊಡುವವನು, ಅವರು ಇಸಿದುಕೊಳ್ಳುವವರು ಎಂಬುದಷ್ಟೇ ಮನಸ್ಸಿನಲ್ಲಿ ಕೂರುತ್ತದೆ. ಗುಂಪುಗಳ ನಡುವಿನ ಪೂರ್ವಗ್ರಹ ಕರಗಬೇಕಾದರೆ ಏನಿರಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದು ಇಂದಿಗೂ ಒಳ್ಳೆಯ ಮಾನದಂಡ: ಅಲ್ಲಿ ಎಲ್ಲರ ಸ್ಥಾನ ಸಮ, ಗುರಿ ಒಂದೇ, ಒಬ್ಬರಿಗೊಬ್ಬರು ಸೇರಿಯೇ ಮಾಡಬೇಕಾದ ಕೆಲಸ, ನಡೆಸುವವರ ಬೆಂಬಲ. ಆಟದ ತಂಡ, ನಾಟಕ, ವಾದ್ಯವೃಂದ ಇವಕ್ಕೆ ಹೊಂದುತ್ತವೆ. ವಾರಕ್ಕೊಮ್ಮೆಯಾದರೂ ಇರಲಿ, ನಾಯಕತ್ವ ಎಲ್ಲ ಮನೆಗಳ ಮಕ್ಕಳಿಗೂ ಸರದಿಯಲ್ಲಿ ಬರಲಿ, ಶುಲ್ಕ ಯಾರನ್ನೂ ಹೊರಗಿಡದಿರಲಿ.

ಪೆಟ್ಟು ತಿನ್ನುವುದು ನಿಮ್ಮ ಮಗುವೇ ಆದರೆ

ಇಲ್ಲಿ ಕ್ರಮ ಬಹಳ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 1940ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ ಬಹಳಷ್ಟು ಕಪ್ಪು ಮಕ್ಕಳು ಬಿಳಿ ಗೊಂಬೆಯೇ ಒಳ್ಳೆಯದು ಎಂದರು. ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರ ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ತೀರ್ಪಿನಲ್ಲಿ ಆ ಅಧ್ಯಯನವೂ ಉಲ್ಲೇಖವಾಯಿತು. ಹೊರಗಿನ ತಿರಸ್ಕಾರ ಅಷ್ಟು ಬೇಗ ಒಳಗಿಳಿಯುತ್ತದೆ. ಆದ್ದರಿಂದ ಮೊದಲು ತನ್ನವರ ಬಗ್ಗೆ ಹೆಮ್ಮೆ ಬೆಳೆಯಲಿ: ಅವರ ಹಾಡು, ಮಾತು, ದುಡಿಮೆ, ಎದುರಿಸಿ ನಿಂತವರು. ಆಮೇಲೆ ತಾರತಮ್ಯದ ಬಗ್ಗೆ ಎಚ್ಚರ, ಅದರ ಜೊತೆಗೇ ಏನು ಮಾಡಬೇಕೆಂಬ ದಾರಿ. 'ಅವರ್ಯಾರನ್ನೂ ನಂಬಬೇಡ' ಎಂಬಲ್ಲಿಗೆ ಮಾತ್ರ ಹೋಗಬೇಡಿ. ಎಚ್ಚರಿಕೆಯೊಂದನ್ನೇ ಕೊಟ್ಟು ದಾರಿ ಹೇಳದಿದ್ದರೆ ಮಗುವಿಗೆ ಭಯವಷ್ಟೇ ಉಳಿಯುತ್ತದೆ.

ಅವಮಾನವಾದ ದಿನ ಮೊದಲು ಪೂರ್ತಿ ಕೇಳಿಸಿಕೊಳ್ಳಿ. 'ನೀನೇನು ಮಾಡಿದೆ?' ಎಂಬುದು ಮೊದಲ ಪ್ರಶ್ನೆ ಆಗಬಾರದು. 'ತಪ್ಪು ನಿನ್ನದಲ್ಲ' ಎಂದು ಬಾಯಿಬಿಟ್ಟು ಹೇಳಿ. ಅಂದೇ ದಿನಾಂಕ, ಜಾಗ, ಆಡಿದ ಮಾತು ಇದ್ದದ್ದು ಇದ್ದ ಹಾಗೆ, ಅಲ್ಲಿದ್ದವರ ಹೆಸರು ಬರೆದಿಡಿ. ಎರಡು ದಿನ ಕಳೆದರೆ ಮಾತು ಮಸುಕಾಗುತ್ತದೆ, ದೂರು ಸಡಿಲವಾಗುತ್ತದೆ. ಶಾಲೆಗೆ ಬರಹದಲ್ಲಿ ಕೊಟ್ಟು, ಯಾವ ದಿನದೊಳಗೆ ಉತ್ತರ ಎಂದು ಕೇಳಿ ಪಡೆಯಿರಿ. ಜೀವ ಉಳಿಸಿಕೊಳ್ಳಲು ತಗ್ಗಿ ನಡೆಯಬೇಕಾದ ಸಂದರ್ಭಗಳನ್ನು ಕಲಿಸಲೇಬೇಕಾಗಬಹುದು. ಆಗ ಎರಡನ್ನೂ ಬೇರೆ ಮಾಡಿ ಹೇಳಿ: 'ಸುಮ್ಮನಿರು ಅಂತ ಹೇಳೋದು ನೀನು ಮನೆಗೆ ಸುರಕ್ಷಿತವಾಗಿ ಬರಲಿ ಅಂತ. ಅವರು ಮಾಡಿದ್ದು ಸರಿ ಅಂತ ಅಲ್ಲ.'

ಪೆಟ್ಟು ಕೊಟ್ಟದ್ದು ನಿಮ್ಮ ಮಗುವಾದರೆ

ಮೊದಲು ನಿಲ್ಲಿಸಿ, ನೊಂದ ಮಗುವಿನ ಕಡೆಗೆ ತಿರುಗಿ. ಆಮೇಲೆ, ಯಾರೂ ಇಲ್ಲದಾಗ, ಆಡಿದ ಮಾತು ಏನು ಹೇಳುತ್ತದೆ, ಯಾಕೆ ನೋಯಿಸುತ್ತದೆ ಎಂದು ತಿಳಿಸಿ, ಎಲ್ಲಿ ಕೇಳಿದ್ದು ಎಂದು ಕೇಳಿ. ಮೂಲ ಮನೆಯೇ ಆಗಿದ್ದರೆ ಆ ದೊಡ್ಡವರ ಜೊತೆ ಮಾತು ಆಗಲೇಬೇಕು, ಅಜ್ಜಿ ತಾತ ಆದರೂ. ಎಲ್ಲರೆದುರು ಬಲವಂತದ ಕ್ಷಮೆ ಬೇಡ. ಕ್ಷಮೆ ಕೇಳಿಸಿಕೊಳ್ಳಬೇಕೋ ಬೇಡವೋ ಎಂದು ನೊಂದ ಮಗು ತೀರ್ಮಾನಿಸಲಿ. 'ಪಾಠ ಕಲಿಯಲಿ' ಎಂದು ನಿಮ್ಮ ಮಗುವನ್ನೂ ಅವಮಾನಕ್ಕೆ ಗುರಿ ಮಾಡಬೇಡಿ. 1968ರಲ್ಲಿ ಅಮೆರಿಕದ ಶಿಕ್ಷಕಿ ಜೇನ್ ಎಲಿಯಟ್ ಕಣ್ಣಿನ ಬಣ್ಣದ ಮೇಲೆ ಮಕ್ಕಳನ್ನು ಮೇಲು ಕೀಳು ಮಾಡಿ ತೋರಿಸಿದ ಪ್ರಯೋಗ ಪ್ರಸಿದ್ಧ. ಅದನ್ನು ಮನೆಯಲ್ಲಿ ಮಾಡಿ ನೋಡುವುದು ಅಪಾಯ: ಮಗು ಒಪ್ಪಿಗೆ ಕೊಟ್ಟಿರುವುದಿಲ್ಲ, ಆ ಗಾಯವನ್ನು ಸಂಭಾಳಿಸುವ ತರಬೇತಿ ನಿಮಗೂ ಇರುವುದಿಲ್ಲ.

ಹೋರಾಟಕ್ಕೆ ಕರೆದೊಯ್ಯುವ ಮುನ್ನ

ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗೆ ಇದೆ ಎಂದು 1989ರ ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಮೆರವಣಿಗೆಗೆ ಬರುತ್ತೀಯಾ ಎಂದು ಕೇಳುವಾಗಲೂ ಅದು ಅನ್ವಯಿಸುತ್ತದೆ. ಎಲ್ಲಿಗೆ, ಯಾತಕ್ಕೆ, ಎಷ್ಟು ಹೊತ್ತು ಎಂದು ಹಿಂದಿನ ದಿನವೇ ಹೇಳಿ. ಗುಂಪಿನ ಅಂಚಿನಲ್ಲಿ ನಡೆಯಿರಿ, ನಡುವೆ ಹೋಗಬೇಡಿ. ತಪ್ಪಿಸಿಕೊಂಡರೆ ಸೇರುವ ಜಾಗ ಗೊತ್ತು ಮಾಡಿ, ನಿಮ್ಮ ಫೋನ್ ನಂಬರನ್ನು ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ಮಗು ತನ್ನ ಮಾತಿನಲ್ಲಿ ವಿವರಿಸಲಾಗದ ಘೋಷಣೆಯನ್ನು ಅದರ ಕೈಯಲ್ಲಿ ಹಿಡಿಸಬೇಡಿ. ಮುಖ ಕಾಣುವ ಫೋಟೋ ಎಲ್ಲೂ ಹಾಕಬೇಡಿ. ಬರಲ್ಲ ಎಂದರೆ ಮನೆಯಲ್ಲಿ ಯಾರ ಜೊತೆ ಇರುತ್ತದೆ ಎಂಬುದನ್ನು ಮೊದಲೇ ಏರ್ಪಾಡು ಮಾಡಿಕೊಂಡು ಆಮೇಲೆ ಕೇಳಿ. ಬೇರೆ ದಾರಿಯೇ ಇಲ್ಲದಿರುವಾಗ ಕೇಳಿದರೆ ಮಗು ಹೂಂ ಎನ್ನದೆ ಇನ್ನೇನು ಮಾಡೀತು?